ಜಿಲ್ಲೆಗೊಬ್ಬರಂತೆ

ಮುಂಗಾರು ಘಟ್ಟವನ್ನು ಹತ್ತಿ ಬಂದಿತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ಗೃಹಸ್ಥನಿಗೆ ಅಲ್ಲಿಂದ ಮೂರು ನಾಲ್ಕು ತಿಂಗಳು ಉಳಿಯುವ ಕಾರ್ಯಗಳು ಎರಡೇ: ಅಡಿಕೆಗೆ ಕೊಳೆ ಔಷಧಿ ಹೊಡೆಯಿಸುವುದಕ್ಕಾಗಿ ಮಳೆ ಹೊಳವಾಗುವುದನ್ನು ಕಾದು ಕುಳಿತಿರುವುದೊಂದು, ಹಾಗೆ ಕುಳಿತಿರುವಾಗ ಪಕ್ಕದಲ್ಲಿರುವವನೊಡನೆ ವಾದಕ್ಕಿಳಿಯುವುದು ಇನ್ನೊಂದು. ಮೊದಲನೆಯದರಲ್ಲಿ ನಮ್ಮವರು ಯಾವಾಗಲೂ ಗೆದ್ದವರೆಂದು ಹೇಳಲಾಗದು. ಎರಡನೆಯದರಲ್ಲಿ ಮಾತ್ರ ನಮಗೆ ಪರಂಪರೆಯ ಬಲವುಂಟು. ಭಾದ್ರಪದದಲ್ಲಿ ಗಣಪತಿಯ ಹಬ್ಬದ ಆಸುಪಾಸಿನಲ್ಲಿ ನಾನಾ ದೇಶದ ವಿದ್ವಾಂಸರು ಶೃಂಗೇರಿಯಲ್ಲಿ ನೆರೆದು ನಡೆಸುವ ವಾಕ್ಯಾರ್ಥ ಸಭೆಯಲ್ಲಿ ಪೂರ್ವಪಕ್ಷ, ಆಕ್ಷೇಪ, ಸಮಾಧಾನ, ಸಿದ್ಧಾಂತಗಳು ಯಾವ ಕ್ರಮದಿಂದ ಬರುತ್ತವೆಯೋ, ಹೆಚ್ಚುಕಡಿಮೆ ಅದೇ ಕ್ರಮದಿಂದ ಕೊಪ್ಪದ ಪೇಟೆಯ ಅಂಗಡಿ ಜಗಲಿಯ ಮೇಲೂ ಬರುತ್ತವೆ. ವ್ಯತ್ಯಾಸವಿಷ್ಟೇ: ಅಲ್ಲಿ ಸಿದ್ಧಾಂತ ಸ್ಥಾಪಿತವಾದ ಮೇಲೆ ಸಭೆ ಏಳುತ್ತದೆ, ಇಲ್ಲಿ ಮಳೆ ನಿಂತ ಮೇಲೆ.

ಈ ಜಗಲಿಗೆ ಒಂದು ಹೊಸ ವಿಷಯವನ್ನು ತಂದುಕೊಟ್ಟವನು ಅಮೆರಿಕದಲ್ಲಿ ನೆಲಸಿರುವ ನನ್ನ ತಂಗಿಯ ಮಗ. ಅಲ್ಲಿಯ ಶಾಲೆಗಳಿಗೆ ದೀರ್ಘ ರಜೆ ದೊರೆಯುವುದು ಜೂನ್, ಜುಲೈ ತಿಂಗಳುಗಳಲ್ಲಾದ್ದರಿಂದ ಅವನು ಮಕ್ಕಳನ್ನು ಕರೆದುಕೊಂಡು ಬರುವುದು ಜಡಿಮಳೆಯಲ್ಲೇ. ಅಜ್ಜನ ಊರೆಂದರೆ ಆಕಾಶದಿಂದ ಸದಾ ನೀರು ಸುರಿಯುತ್ತಿರುವ ಸ್ಥಳವೆಂಬ ಆ ಮಕ್ಕಳ ಭಾವನೆಯನ್ನು ತಿದ್ದುವುದು ನಮ್ಮಿಂದ ಇದುವರೆಗೆ ಆಗಿಲ್ಲ. "ಮಾವ, ಅಲ್ಲಿ ಐವತ್ತು ರಾಜ್ಯ. ಒಂದೊಂದು ರಾಜ್ಯಕ್ಕೂ ಒಬ್ಬೊಬ್ಬ ದೊಡ್ಡ ಫುಟ್‌ಬಾಲ್ ಆಟಗಾರನನ್ನು ಆರಿಸಿ ಹೇಳು ಅಂತ ಹೊರಟರೆ ಆಫೀಸಿನಲ್ಲಿ ಅರ್ಧ ದಿನ ಕೆಲಸ ನಿಂತುಹೋಗುತ್ತೆ" ಎಂದು ಅವನು ಒಂದು ಸಾಯಂಕಾಲ ಹೇಳಿದನು. ಫುಟ್‌ಬಾಲ್ ಎಂದರೆ ನಾವು ಬಲ್ಲ ಕಾಲ್ಚೆಂಡಲ್ಲ. ಚೆಂಡನ್ನು ಬಹುಪಾಲು ಕೈಯಿಂದಲೇ ಎಸೆದು, ಹಿಡಿದು, ಎದೆಗವಚಿಕೊಂಡು, ಅಡ್ಡ ಬಂದವರನ್ನು ಕೆಡವುತ್ತ ಓಡುವ ಅಮೆರಿಕನ್ನರ ಸ್ವಂತ ಆಟ. ಇದರಲ್ಲಿ ಪರಮ ಶ್ರೇಷ್ಠರೆನಿಸಿದವರು ಹುಟ್ಟಿದ್ದು ದೊಡ್ಡ ರಾಜ್ಯಗಳಲ್ಲೇ ಎಂದು ತಿಳಿಯಬೇಕಾಗಿಲ್ಲವಂತೆ. ಸಿರಿತನದಲ್ಲಾಗಲಿ ಜನಸಂಖ್ಯೆಯಲ್ಲಾಗಲಿ ಇಂದು ಮುಂದೆ ನಿಲ್ಲದ ಮಿಸ್ಸಿಸ್ಸಿಪ್ಪಿಯೊಂದರಿಂದಲೇ ವಾಲ್ಟರ್ ಪೇಟನ್, ಜೆರ್ರಿ ರೈಸ್, ಬ್ರೆಟ್ ಫಾರ್ವ್ ಎಂಬ ಮೂವರು ಬಂದಿರುವುದರಿಂದ, ಆ ರಾಜ್ಯದವರಿಗೆ ಒಬ್ಬನನ್ನು ಆರಿಸುವುದೆಂದರೆ ಇಬ್ಬರನ್ನು ಬಿಟ್ಟುಬಿಡುವ ಸಂಕಟ.

ಜೆರ್ರಿ ರೈಸನ ತಂದೆ ಇಟ್ಟಿಗೆ ಕಟ್ಟುವ ಗಾರೆಯವನೆಂದೂ, ಬೇಸಿಗೆಯಲ್ಲಿ ಅಣ್ಣತಮ್ಮಂದಿರು ಎಸೆದ ಇಟ್ಟಿಗೆಗಳನ್ನು ಹಿಡಿದು ಹಿಡಿದೇ ಅವನ ಕೈಗೆ ಆ ಅಸಾಧಾರಣವಾದ ಹಿಡಿತ ಬಂದಿತೆಂದೂ ಕೇಳಿದಾಗ, ನಮ್ಮ ಜಗಲಿಯ ತೋಟದ ಗೌಡರು ಎಲೆಯಡಿಕೆಯನ್ನು ಒಂದು ಕೆನ್ನೆಗೆ ಸರಿಸಿ, "ಹಾಗಾದರೆ ಕೊನೆಗಾರ ಮರದ ಮೇಲಿಂದ ಹಗ್ಗದಲ್ಲಿ ಬಿಟ್ಟ ಅಡಿಕೆ ಕೊನೆಯನ್ನು ಒಂದು ಕಾಯೂ ಉದುರದ ಹಾಗೆ ಕೆಳಗೆ ಹಿಡಿಯುತ್ತಾನಲ್ಲ ನಮ್ಮ ಹುಡುಗ, ಅವನನ್ನೂ ಕರೆದುಕೊಂಡು ಹೋಗು ಮಾರಾಯ" ಎಂದರು. ಉಪಮಾನ ಸರಿಯಾಗಿಯೇ ಇದೆಯೆಂದು ಎಲ್ಲರೂ ಒಪ್ಪಿದೆವು. ಆದರೆ ಗೌಡರ ಮಾತಿನ ಒಳಗೆ ಇನ್ನೊಂದು ಕೊರಗು ಇದ್ದದ್ದು ಆಮೇಲೆ ತಿಳಿಯಿತು. ಅದಕ್ಕೆ ಮುಂದೆ ಬರುತ್ತೇನೆ.

ನನಗೆ ಆ ವೃತ್ತಾಂತದಲ್ಲಿ ಹೆಚ್ಚು ರುಚಿಸಿದ್ದು ಬೇರೊಂದು ತೊಡಕು. ಆ ಆಟದ ಇತಿಹಾಸದಲ್ಲೇ ಅಗ್ರಗಣ್ಯನೆಂದು ಅನೇಕರು ಹೇಳುವ ಜಿಮ್ ಬ್ರೌನ್ 1936ರಲ್ಲಿ ಜನಿಸಿದ್ದು ಜಾರ್ಜಿಯಾದ ಕರಾವಳಿಯ ಒಂದು ದ್ವೀಪದಲ್ಲಿ. ಬಾಲ್ಯದಲ್ಲೇ ತಾಯಿಯಿದ್ದಲ್ಲಿಗೆ ಹೊರಟು, ಶಾಲೆ ಕಲಿತು ಆಟಗಾರನಾದದ್ದು ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ. ವೃತ್ತಿಯಲ್ಲಿ ಆಡಿದ್ದು ಓಹಾಯೊ ರಾಜ್ಯದ ತಂಡಕ್ಕೆ. ಗೇಲ್ ಸೇಯರ್ಸ್ ಕ್ಯಾನ್ಸಸಿನಲ್ಲಿ ಹುಟ್ಟಿ, ನೆಬ್ರಾಸ್ಕದಲ್ಲಿ ಬೆಳೆದು, ವಿಶ್ವವಿದ್ಯಾನಿಲಯಕ್ಕೆ ಮತ್ತೆ ಕ್ಯಾನ್ಸಸಿಗೆ ಮರಳಿ, ಕೊನೆಗೆ ಷಿಕಾಗೋದಲ್ಲಿ ಕೀರ್ತಿವಂತನಾದನು. ಇಂಥವರನ್ನು ಯಾವ ರಾಜ್ಯದ ಲೆಕ್ಕಕ್ಕೆ ಬರೆಯಬೇಕು? ಹುಟ್ಟಿದ ನೆಲಕ್ಕೋ, ಬೆಳೆದ ನೆಲಕ್ಕೋ, ಆಡಿ ಮೆರೆದ ನೆಲಕ್ಕೋ? ಈ ಪ್ರಶ್ನೆಯನ್ನು ನಿರ್ಣಯಿಸದೆ ಪಟ್ಟಿಗೆ ಹೊರಡುವುದು, ಪ್ರಮಾಣವನ್ನು ಒಪ್ಪಿಕೊಳ್ಳದೆ ಪ್ರಮೇಯಕ್ಕೆ ಹೊರಟಂತೆ ಎಂದು ನಮ್ಮ ನಿವೃತ್ತ ಮೇಷ್ಟ್ರು ಶಾಸ್ತ್ರೋಕ್ತವಾಗಿ ಆಕ್ಷೇಪಿಸಿದರು. ಆಕ್ಷೇಪವನ್ನು ಅಂಗೀಕರಿಸಿ, ಅದಕ್ಕೆ ಸಮಾಧಾನ ಹೇಳದೆಯೇ, ಅಮೆರಿಕವನ್ನು ಅಲ್ಲಿಗೆ ಬಿಟ್ಟು ನಮ್ಮ ಕರ್ನಾಟಕದ 31 ಜಿಲ್ಲೆಗಳನ್ನು ಕೈಗೆತ್ತಿಕೊಂಡೆವು. ಆಟ ಯಾವುದಾದರೂ ಆಗಬಹುದು, ಜಿಲ್ಲೆಗೆ ಒಬ್ಬರು ಮಾತ್ರ ಎಂಬುದು ನಿಯಮ.

ಮೊದಲಿಗೆ ಮೈಸೂರು. ಪೋಲಿಯೋದಿಂದ ಸೊರಗಿದ ಬಲಗೈಯಲ್ಲೇ ಚೆಂಡನ್ನು ತಿರುಗಿಸಿ, 1971ರಲ್ಲಿ ಓವಲ್ ಮೈದಾನದಲ್ಲಿ 38 ಓಟಗಳಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡನ್ನು ಅದರ ನೆಲದಲ್ಲೇ ಮಣಿಸಿದ ಚಂದ್ರಶೇಖರ್ ಅಲ್ಲಿಯವರು; ವೇಗದ ಬೌಲಿಂಗಿಗೂ ಕನ್ನಡಿಗನಿಗೂ ಸಂಬಂಧವಿಲ್ಲವೆಂಬ ಲೋಕರೂಢಿಯನ್ನು ಸುಳ್ಳುಮಾಡಿ ಟೆಸ್ಟುಗಳಲ್ಲಿ 236 ವಿಕೆಟ್ ಪಡೆದ ಶ್ರೀನಾಥರೂ ಅಲ್ಲಿಯವರೇ. ಶ್ರೀನಾಥರ ಹೆಸರಿನ ಮೊದಲಲ್ಲಿರುವ ಜಾವಗಲ್ಲು ಹಾಸನ ಜಿಲ್ಲೆಯದಾದ್ದರಿಂದ ಅವರನ್ನು ಹಾಸನಕ್ಕೆ ಸಾಗಿಸಿ, ಮೈಸೂರನ್ನು ಚಂದ್ರರಿಗೆ ಉಳಿಸುವುದೆಂಬ ರಾಜಿ ಬಹು ಬೇಗ ಆಯಿತು. ಇದೇ ಯುಕ್ತಿಯನ್ನು ಮುಂದುವರಿಸಿ, ಲಂಡನ್ನಿನಲ್ಲಿ 1980ರ ಆಲ್ ಇಂಗ್ಲೆಂಡ್ ಪದವಿಯನ್ನು ಗೆದ್ದ ಪ್ರಕಾಶ್ ಪಡುಕೋಣೆಯವರನ್ನು, ಅವರು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರೆಂಬುದನ್ನು ಗಣಿಸದೆ, ಕುಂದಾಪುರದ ಬಳಿಯ ಅವರ ಪೂರ್ವಜರ ಊರಿನ ಆಧಾರದ ಮೇಲೆ ಉಡುಪಿಗೆ ಬರೆಯಲಾಯಿತು. ಬೆಂಗಳೂರಿಗೆ ಹಾಗಿದ್ದರೆ ಯಾರು? ಕುಂಬ್ಳೆ ಎಂದರು ಕೆಲವರು. ಆದರೆ ಕುಂಬಳೆ ಇರುವುದು ಕಾಸರಗೋಡಿನಲ್ಲಿ. 1956ರಲ್ಲಿ ಅದು ಕೇರಳಕ್ಕೆ ಸೇರಿಹೋದದ್ದು ನಮ್ಮ ಹಿರಿಯರಿಗೆ ಇಂದಿಗೂ ಆರದ ಗಾಯ. ದೆಹಲಿಯಲ್ಲಿ 1999ರ ಫೆಬ್ರುವರಿ 7ರಂದು ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು 74 ಓಟಗಳಿಗೆ ಒಬ್ಬರೇ ಕಬಳಿಸಿದ ಆ ಪುಣ್ಯಾತ್ಮನನ್ನು ಗಡಿಯಾಚೆಗೆ ಬರೆದು, ತನ್ಮೂಲಕ ಗಡಿಯನ್ನೇ ಈಚೆಗೆ ತಂದುಕೊಳ್ಳುವುದು ಲಾಭವೋ, ಬೆಂಗಳೂರಿನಲ್ಲಿ ಹುಟ್ಟಿದ ಸತ್ಯವನ್ನು ಹಿಡಿದು ನಮ್ಮಲ್ಲೇ ಇಟ್ಟುಕೊಳ್ಳುವುದು ಲಾಭವೋ ಎಂಬ ವಿಚಾರದಲ್ಲಿ ಒಂದು ಇಡೀ ಸಾಯಂಕಾಲ ಹೋಯಿತು. ಹತ್ತನೆಯ ವಿಕೆಟ್ಟು ಕುಂಬ್ಳೆಗೇ ದೊರೆಯಲೆಂದು ಇನ್ನೊಂದು ಕೊನೆಯಿಂದ ಚೆಂಡನ್ನು ವಿಕೆಟ್ಟಿನಿಂದ ದೂರ ದೂರ ಹಾಕಿದ ಶ್ರೀನಾಥರ ಔದಾರ್ಯವನ್ನು ನೆನೆಯುವುದರಲ್ಲಿ ಉಳಿದ ಹೊತ್ತು ಕಳೆಯಿತು. ಬೆಂಗಳೂರಿನ ಸ್ಥಾನ ಇನ್ನೂ ಖಾಲಿಯಿದೆ. ಇಂದೂರಿನಲ್ಲಿ ಜನಿಸಿದ ದ್ರಾವಿಡರ ಹೆಸರನ್ನು ಅಲ್ಲಿ ಬರೆಯಬೇಕೆನ್ನುವವರಿಗೂ ಪ್ರಸನ್ನರನ್ನು ಬರೆಯಬೇಕೆನ್ನುವವರಿಗೂ ಮಾತು ನಿಂತಿದೆ. ಬಾಂಬೆಯವರು ಹದಿನೈದು ವರ್ಷ ಎಡೆಬಿಡದೆ ಇಟ್ಟುಕೊಂಡಿದ್ದ ರಣಜಿ ಪಾರಿತೋಷಕವನ್ನು 1973-74ರಲ್ಲಿ ಬಿಡಿಸಿ ತಂದ ತಂಡದ ನಾಯಕರು ಪ್ರಸನ್ನರೆಂಬುದನ್ನು ಮರೆತ ಹುಡುಗರೊಡನೆ ಮಾತು ನಿಲ್ಲುವುದೇ ಲೇಸೆಂಬುದು ನನ್ನ ಸ್ವಂತ ಅಭಿಪ್ರಾಯ.

ಕೊಡಗನ್ನು ಯಾರೂ ಮುಟ್ಟಲಿಲ್ಲ. 1973ರ ವಿಶ್ವಕಪ್ಪಿನಲ್ಲಿ ಭಾರತ ಹಾಕಿ ತಂಡದ ನಾಯಕರಾಗಿದ್ದ ಎಂ.ಪಿ. ಗಣೇಶ್, 1975ರ ವಿಶ್ವವಿಜೇತ ತಂಡದ ಬಿ.ಪಿ. ಗೋವಿಂದ, 1980ರ ಮಾಸ್ಕೋ ಸ್ವರ್ಣದ ಎಂ.ಎಂ. ಸೋಮಯ್ಯ, ಇವರಲ್ಲಿ ಒಬ್ಬರನ್ನು ಆರಿಸುವ ಧೈರ್ಯ ಹೊರಗಿನವರಿಗೆ ಸಲ್ಲದು. 1997ರಿಂದ ಮನೆತನ ಮನೆತನಗಳ ನಡುವೆಯೇ ಹಾಕಿ ಹಬ್ಬ ನಡೆಸುವ ಆ ನಾಡಿನಲ್ಲಿ ಜಿಲ್ಲೆಗೊಬ್ಬರೆಂಬುದು ಹಾಗಿರಲಿ, ಮನೆತನಕ್ಕೊಬ್ಬರೆಂದರೂ ಕಲಹ ತಪ್ಪದು. ಗದಗಕ್ಕೆ ಮಾತ್ರ ವಿವಾದವೇ ಇಲ್ಲ. ಗದಗಿನಿಂದ ಹುಬ್ಬಳ್ಳಿಗೆ ಹೋಗಿ ಬಂದು ಅಭ್ಯಾಸ ಮಾಡಿದ ಸುನಿಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಹತ್ತು ಓವರುಗಳಲ್ಲಿ ಆರೇ ಓಟ ಕೊಟ್ಟು ಐದು ವಿಕೆಟ್ ಪಡೆದರು. ಹತ್ತರಲ್ಲಿ ಆರು ಓವರು ಒಂದೂ ಓಟವಿಲ್ಲದ್ದು. ಈ ಲೆಕ್ಕವನ್ನು ಮೇಷ್ಟ್ರು ಪಂಚಾಂಗ ಓದುವ ಧ್ವನಿಯಲ್ಲಿ ಒಪ್ಪಿಸಿದಾಗ ಜಗಲಿಯಲ್ಲಿ ಕ್ಷಣಕಾಲ ಗೌರವದ ಮೌನವಿತ್ತು.

ಶಿವಮೊಗ್ಗದ ಹೆಸರು ಬಂದೊಡನೆ ನರಸಿಂಹರಾಜಪುರದ ಔಷಧಿ ಅಂಗಡಿಯವರು ಎದ್ದು ಕುಳಿತರು. ಗುಂಡಪ್ಪ ವಿಶ್ವನಾಥರು ಭದ್ರಾವತಿಯಲ್ಲಿ 1949ರಲ್ಲಿ ಜನಿಸಿದವರು. 1969ರಲ್ಲಿ ಕಾನ್ಪುರದಲ್ಲಿ ತಮ್ಮ ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿ ಸೊನ್ನೆಗೆ ಔಟಾಗಿ ಎರಡನೆಯದರಲ್ಲಿ 137 ಹೊಡೆದವರು. 1975ರಲ್ಲಿ ಮದರಾಸಿನಲ್ಲಿ ಆಂಡಿ ರಾಬರ್ಟ್ಸನ ಬೆಂಕಿಯಂಥ ವೇಗದೆದುರು ತಂಡದ 190ರಲ್ಲಿ ತಾವೇ 97 ಹೊಡೆದು ಔಟಾಗದೆ ಉಳಿದವರು. ಆ ಮೂರು ಓಟಗಳು ಕಡಿಮೆಯಾದದ್ದರಿಂದಲೇ ಆ ಇನ್ನಿಂಗ್ಸು ಅನೇಕ ಶತಕಗಳಿಗಿಂತ ಹೆಚ್ಚು ಕಾಲ ಜನರ ನಾಲಗೆಯ ಮೇಲೆ ಉಳಿಯಿತು. 1980ರ ಮುಂಬಯಿಯ ಸುವರ್ಣ ಮಹೋತ್ಸವದ ಪಂದ್ಯದಲ್ಲಿ ನಾಯಕರಾಗಿದ್ದಾಗ, ಅಂಪೈರು ಔಟೆಂದು ಕಳುಹಿಸಿದ ಇಂಗ್ಲೆಂಡಿನ ಬಾಬ್ ಟೇಲರನ್ನು, ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ತಾವೇ ಹಿಂದಕ್ಕೆ ಕರೆದು ಆಡಿಸಿ, ಪಂದ್ಯವನ್ನು ಸೋತವರು. ಇಂಥವರು ಶಿವಮೊಗ್ಗ ಜಿಲ್ಲೆಗೆ ಸೇರಿದವರೆಂಬುದನ್ನು ಔಷಧಿ ಅಂಗಡಿಯವರು ಸಂಪೂರ್ಣವಾಗಿ ಒಪ್ಪುವುದಿಲ್ಲ. ಭದ್ರೆ ಬಾಳೆಹೊನ್ನೂರನ್ನು ಹಾಯ್ದು, ನರಸಿಂಹರಾಜಪುರದ ಗದ್ದೆತೋಟಗಳನ್ನು ಮುಳುಗಿಸಿ ನಿಂತ ಜಲಾಶಯವನ್ನು ತುಂಬಿ, ಆಮೇಲಲ್ಲವೆ ಭದ್ರಾವತಿಗೆ ಹೋಗುವುದು? ಮುಳುಗಿದ್ದು ನಮ್ಮ ನೆಲ, ಕುಡಿದದ್ದು ನಮ್ಮ ನೀರು, ಆಟಗಾರ ಮಾತ್ರ ಅವರವನೆ? ಇದು ಪೂರ್ವಪಕ್ಷ. ಇದೇ ನ್ಯಾಯವನ್ನು ಹಿಡಿದರೆ ತುಂಗೆಯ ಹೆಸರಿನಲ್ಲಿ ಶೃಂಗೇರಿಯವರು ತೀರ್ಥಹಳ್ಳಿ, ಶಿವಮೊಗ್ಗಗಳನ್ನೂ, ಕೂಡಲಿಯಲ್ಲಿ ಎರಡೂ ನದಿಗಳು ಸೇರಿದ ಮೇಲೆ ಮಂತ್ರಾಲಯದವರೆಗಿನ ಸಮಸ್ತ ಪ್ರಜೆಗಳನ್ನೂ ಕೇಳಬಹುದೆಂದು ಸಿದ್ಧಾಂತಿಗಳು ಉತ್ತರಿಸಿದರು.

ಶೃಂಗೇರಿಯವರು ನೀರನ್ನು ಕೇಳಲಿಲ್ಲ, ರಸ್ತೆಯನ್ನು ಕೇಳಿದರು. ಕೆರೆಕಟ್ಟೆಯನ್ನು ದಾಟಿ ಎಸ್.ಕೆ. ಬಾರ್ಡರಿನಲ್ಲಿ ಘಟ್ಟ ಇಳಿದರೆ ಕಾರ್ಕಳ. ಏಷ್ಯಾಡಿನಲ್ಲಿ 2010ರಲ್ಲಿಯೂ 2014ರಲ್ಲಿಯೂ ಚಿನ್ನ ಗೆದ್ದ ಕಬಡ್ಡಿಯ ಮಮತಾ ಪೂಜಾರಿಯವರು ಆ ತಾಲ್ಲೂಕಿನವರು. ಮಳೆಗಾಲ ಮುಗಿದ ಮೇಲೆ ರಾತ್ರಿಯ ದೀಪದ ಬೆಳಕಿನಲ್ಲಿ ಘಟ್ಟದ ಮೇಲೆ ನಡೆಯುವ ಕಬಡ್ಡಿ ಪಂದ್ಯಗಳಿಗೆ ಕೆಳಗಿನ ತಂಡಗಳು ಹತ್ತಿ ಬರುವುದಿಲ್ಲವೆ, ಆದ್ದರಿಂದ ಅರ್ಧ ಪಾಲು ನಮ್ಮದು ಎಂದರು. ಪಡುಕೋಣೆಯವರನ್ನು ಆಗಲೇ ಉಡುಪಿಗೆ ಕೊಟ್ಟಾಗಿದ್ದುದರಿಂದ ಮಮತಾ ಅವರು ಸ್ಥಾನವಿಲ್ಲದೆ ಉಳಿಯುವುದು ಅನ್ಯಾಯವೆಂದು ನನಗೂ ತೋರಿತು. ಆದರೂ ರಸ್ತೆಯ ಬಲದಿಂದ ಪಾಲು ಕೊಡುವ ಪದ್ಧತಿಯನ್ನು ಸಭೆ ಒಪ್ಪಲಿಲ್ಲ.

ಹೀಗೆ ನೀರು, ರಸ್ತೆಗಳ ಮೊರೆಹೊಗುವ ದೈನ್ಯ ನಮಗೇಕೆ ಬಂದಿತೆಂದರೆ, ಚಿಕ್ಕಮಗಳೂರು ಜಿಲ್ಲೆಯ ಸ್ಥಾನಕ್ಕೆ ನಮ್ಮ ಮೂರು ತಾಲ್ಲೂಕುಗಳಿಂದ ಒಂದು ಹೆಸರೂ ಏಳಲಿಲ್ಲ. ಎದ್ದ ಹೆಸರು ಕಡೂರಿನದು. ಮಹಿಳೆಯರ ವಿಶ್ವಕಪ್ಪಿನಲ್ಲಿ 2017ರ ಜುಲೈ 15ರಂದು, ಸೋತರೆ ಮನೆಗೆ ಹೋಗಬೇಕಾಗಿದ್ದ ಪಂದ್ಯದಲ್ಲಿ, ಡರ್ಬಿಯಲ್ಲಿ ನ್ಯೂಜಿಲೆಂಡಿನ ವಿರುದ್ಧ 45 ಚೆಂಡುಗಳಲ್ಲಿ 70 ಓಟ ಹೊಡೆದ ವೇದಾ ಕೃಷ್ಣಮೂರ್ತಿಯವರು ಅಲ್ಲಿಯವರು. ಎಂಟು ದಿನಗಳ ಮೇಲೆ ಲಾರ್ಡ್ಸಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಅವರ 35 ಓಟಗಳಿದ್ದೂ ಭಾರತ 9 ಓಟಗಳಿಂದ ಸೋತಿತು. ಆ ಸಾಯಂಕಾಲ ಕೊಪ್ಪದಲ್ಲಿ ದೂರದರ್ಶನದ ಮುಂದೆ ಕುಳಿತವರು ಕಡೂರು ನಮ್ಮದಲ್ಲವೆಂದು ಹೇಳಿದ್ದು ನನಗೆ ನೆನಪಿಲ್ಲ. ಈಗ ಮಾತ್ರ ಗೌಡರು, "ಕಡೂರು ಬಯಲುಸೀಮೆ ಅಲ್ವ? ಅವರಿಗೆ ತೆಂಗು, ನಮಗೆ ಅಡಿಕೆ. ಅವರಿಗೆ ಮಳೆಯೇ ಇಲ್ಲ" ಎಂದು ತೊಡಕು ತೆಗೆದರು. ಇದಕ್ಕೆ ಮೇಷ್ಟ್ರು ಕೊಟ್ಟ ಉತ್ತರ ನಿರ್ಣಾಯಕವಾದದ್ದು: 1947ರವರೆಗೆ ಈ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ, ನಮ್ಮ ಅಜ್ಜಂದಿರ ಕ್ರಯಪತ್ರಗಳನ್ನು ತೆರೆದು ನೋಡಿದರೆ ಕೊಪ್ಪ ಬರೆದಿರುವುದು ಕಡೂರು ಡಿಸ್ಟ್ರಿಕ್ಟಿನಲ್ಲೇ, ಕಡೂರು ನಮ್ಮದು ಹೌದೋ ಅಲ್ಲವೋ ತಿಳಿಯದು, ನಾವಂತೂ ಒಂದು ಕಾಲಕ್ಕೆ ಕಡೂರಿನವರು.

ಈ ಕ್ರಯಪತ್ರದ ಮಾತಿನಿಂದ ವಾದ ಆಟವನ್ನು ಬಿಟ್ಟು, ಬಹಳ ದಿನಗಳಿಂದ ಒಳಗೇ ಇದ್ದ ಒಂದು ಸಂಗತಿಯ ಕಡೆಗೆ ಹೊರಳಿತು. ಕಡೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರ ಡಿಸೆಂಬರ್ 29ರಂದು ತಾಯಿಯ ತವರುಮನೆಯಲ್ಲಿ ಒಂದು ಗಂಡುಮಗು ಜನಿಸಿತು. ಆ ಮಗು ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ; ಓದಿ, ಬೋಧಿಸಿ, ವಿಶ್ವವಿದ್ಯಾನಿಲಯದ ಕುಲಪತಿಯಾಗಿ, 1994ರಲ್ಲಿ ದೇಹ ಬಿಟ್ಟದ್ದು ಮೈಸೂರಿನಲ್ಲಿ; ಮಣ್ಣಾದದ್ದು ಮತ್ತೆ ಕುಪ್ಪಳಿಯ ಕವಿಶೈಲದಲ್ಲಿ. ಕುವೆಂಪು ಅವರನ್ನು ಜಗತ್ತು ಕುಪ್ಪಳಿಯವರೆಂದೇ ಬಲ್ಲದು. ಬಸ್ಸುಗಳು ಹೋಗುವುದು ಕುಪ್ಪಳಿಗೆ. ಕೊಪ್ಪದವರಾದ ನಮ್ಮ ಪಾಲಿಗೆ ಬಂದದ್ದು ಜೀವನಚರಿತ್ರೆಯ ಮೊದಲ ವಾಕ್ಯವೊಂದು. ಹುಟ್ಟೂರಿನ ನಿಯಮವನ್ನು ಹಿಡಿದು ಹೊರಡುವವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಚೊಚ್ಚಲ ಬಾಣಂತನ ತವರಿನಲ್ಲಿ ನಡೆಯುವುದು ನಮ್ಮ ನಾಡಿನ ಪದ್ಧತಿ. ಆದುದರಿಂದ ನಮ್ಮಲ್ಲಿ ಜನ್ಮಸ್ಥಳದ ಪ್ರಕಾರ ಮಾಡಿದ ಯಾವ ಪಟ್ಟಿಯಾದರೂ, ಆಟಗಾರರದಿರಲಿ, ಕವಿಗಳದಿರಲಿ, ಬಹುಮಟ್ಟಿಗೆ ಅವರ ತಾಯಂದಿರ ತವರೂರುಗಳ ಪಟ್ಟಿಯೇ ಆಗುತ್ತದೆ. ಅದು ಆಗಕೂಡದೆಂದು ನಾನು ಹೇಳುವುದಿಲ್ಲ. ಮನೆತನದ ಹೆಸರು, ಊರಿನ ಹೆಸರು ಎಲ್ಲವೂ ತಂದೆಯ ಕಡೆಯಿಂದ ಬರುವಾಗ ತಾಯಿಯ ಊರಿಗೆ ದಾಖಲೆಯಲ್ಲಿ ಸಿಕ್ಕುವ ಒಂದೇ ಸ್ಥಳ ಅದು. ಆದರೆ ಅದು ಬೇರೆ ಪಟ್ಟಿ. ಅದನ್ನು ಬೇರೆಯಾಗಿಯೇ ಮಾಡಬೇಕು, ಮಾಡಿದರೆ ಅದರಲ್ಲಿ ಹಿರೇಕೊಡಿಗೆ ಮೊದಲ ಸಾಲಿನಲ್ಲಿರಬೇಕು.

ಇನ್ನು ನೆರೆಯ ಎರಡು ಊರುಗಳಿಗಾದರೂ ಜನ್ಮಸ್ಥಳದ ನಿಯಮ ಅನುಕೂಲವೇ ಎಂದರೆ ಅದೂ ಇಲ್ಲ. ಶೃಂಗೇರಿಯನ್ನು ಶೃಂಗೇರಿಯನ್ನಾಗಿ ಮಾಡಿದ ಶಂಕರಾಚಾರ್ಯರು ಕೇರಳದ ಕಾಲಡಿಯವರು. ಅಲ್ಲಿಯ ಪೀಠವನ್ನು ಮೊದಲು ಏರಿದ ಸುರೇಶ್ವರರು, ವಾದದಲ್ಲಿ ಸೋತು ಸಂನ್ಯಾಸ ಪಡೆದ ಮಂಡನಮಿಶ್ರರೇ ಎಂಬುದು ಸಂಪ್ರದಾಯದ ನಂಬಿಕೆ. ಆ ವಾದಕ್ಕೆ ಸೋತವರ ಧರ್ಮಪತ್ನಿಯಾದ ಉಭಯಭಾರತಿಯೇ ಮಧ್ಯಸ್ಥೆಯಾಗಿದ್ದರೆಂಬ ಕಥೆ ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ನರಸಿಂಹರಾಜಪುರಕ್ಕಾದರೋ ಹೆಸರೇ ಹೊರಗಿನದು. ಎಡೆಹಳ್ಳಿಯಾಗಿದ್ದ ಊರು ಮೈಸೂರಿನ ಯುವರಾಜರ ಭೇಟಿಯ ನೆನಪಿಗೆ ಅವರ ನಾಮವನ್ನು ಧರಿಸಿತು. ಇಲ್ಲಿ ಹುಟ್ಟಿದವರು ಬೇರೆ ಊರಿನವರೆನಿಸಿದ್ದೂ, ಎಲ್ಲಿಯೋ ಹುಟ್ಟಿದವರು ಇಲ್ಲಿಯವರಾದದ್ದೂ ಎರಡೂ ನಮ್ಮಲ್ಲೇ ನಡೆದಿರುವಾಗ, ದ್ರಾವಿಡರನ್ನು ಇಂದೂರಿಗೆ ಕಳುಹಿಸುವ ಅಧಿಕಾರ ಈ ಜಗಲಿಗಿಲ್ಲ. ಬಾಲ್ಯದಲ್ಲಿ ಓಡಿ ಬಿದ್ದ ಮಣ್ಣು ಯಾವುದೋ ಆ ಮಣ್ಣಿನ ಲೆಕ್ಕಕ್ಕೆ ಆಟಗಾರ ಸಲ್ಲಬೇಕೆಂಬುದು ನನ್ನ ಪಕ್ಷ. ಅದರ ಪ್ರಕಾರ ಜಿಮ್ ಬ್ರೌನ್ ನ್ಯೂಯಾರ್ಕಿನವನು, ಪಡುಕೋಣೆಯವರು ಬೆಂಗಳೂರಿನವರು, ಉಡುಪಿಯ ಸ್ಥಾನ ತೆರವಾಗಿ ಅದು ಮಮತಾ ಪೂಜಾರಿಯವರದು, ಕುವೆಂಪು ಕುಪ್ಪಳಿಯವರು. ಕೊಪ್ಪದವನಾಗಿ ಇದನ್ನು ಬರೆಯುವುದು ನನಗೆ ಸುಲಭವಲ್ಲ.

ಆದರೆ ಮಣ್ಣಿನ ನಿಯಮವನ್ನು ಒಪ್ಪಿಕೊಂಡ ಮೇಲೆ, ನಮ್ಮಲ್ಲಿ ಮಕ್ಕಳು ಓಡಿ ಬೀಳುವುದಕ್ಕೆ ಮಣ್ಣೆಲ್ಲಿದೆಯೆಂಬ ಪ್ರಶ್ನೆ ತಾನಾಗಿಯೇ ಎದುರಾಗುತ್ತದೆ. ಗೌಡರ ಕೊರಗು ಇದೇ ಆಗಿತ್ತು. ಇಳಿಜಾರಿನ ನಾಡಿನಲ್ಲಿ ಸಮತಟ್ಟಾದ ಜಾಗವೆಂದರೆ ಕಣಿವೆಯ ಗದ್ದೆಯೊಂದೇ. ಹಿಂದೆ ಕೊಯ್ಲು ಮುಗಿದು ಗದ್ದೆ ಒಣಗಿತೆಂದರೆ, ಪುಷ್ಯದಿಂದ ಮುಂಗಾರಿನವರೆಗೆ ಊರೂರಿಗೂ ಒಂದು ಕ್ರಿಕೆಟ್ ಮೈದಾನ, ಒಂದು ವಾಲಿಬಾಲ್ ಅಂಗಳ ತನ್ನಷ್ಟಕ್ಕೆ ಸಿದ್ಧವಾಗುತ್ತಿತ್ತು. ಕೂಳೆಯ ಮೇಲೆ ಚೆಂಡು ಎತ್ತ ಪುಟಿಯುವುದೆಂದು ದೇವರಿಗೂ ತಿಳಿಯದಿದ್ದುದರಿಂದ ನಮ್ಮ ಹುಡುಗರ ಕಣ್ಣು ಚುರುಕಾಗಿರುತ್ತಿತ್ತು. ಅಡಿಕೆಯ ಧಾರಣೆ ಏರಿ, ಭತ್ತದ ಬೇಸಾಯಕ್ಕೆ ಆಳೂ ಆದಾಯವೂ ಸಾಲದೆ ಹೋದ ಮೇಲೆ ಗದ್ದೆಗಳು ಒಂದೊಂದಾಗಿ ತೋಟಗಳಾದವು. ಗೌಡರು ತಮ್ಮ ಗದ್ದೆಯನ್ನೂ ತೋಟ ಮಾಡಿದವರೇ. ಆ ಗದ್ದೆಯಲ್ಲಿ ಯೌವನದಲ್ಲಿ ತಾವು ಹಿಡಿದ ಕ್ಯಾಚುಗಳನ್ನು ಅವರು ವರ್ಣಿಸುವಾಗ ಈಗ ಅಲ್ಲಿ ನಿಂತಿರುವ ಸಸಿಗಳ ಸಂಖ್ಯೆಯನ್ನೂ ಜೊತೆಗೆ ಹೇಳುತ್ತಾರೆ. ಇತ್ತ ಹಳದಿ ಎಲೆ ರೋಗ ಬಿದ್ದು ಫಸಲು ಕಳೆದುಕೊಂಡ ತೋಟಗಳ ಮನೆಗಳಿಂದ ಮಕ್ಕಳು ಬೆಂಗಳೂರಿಗೆ ಹೊರಟುಹೋದರು. ಅವರ ಮಕ್ಕಳು ಮುಂದೆ ಯಾವ ಆಟದಲ್ಲಿ ಹೆಸರು ಮಾಡಿದರೂ ಬರೆಸಿಕೊಳ್ಳುವುದು ಬೇರೆ ಜಿಲ್ಲೆಯ ಹೆಸರಿನ ಮುಂದೆ. ಊರಲ್ಲೇ ಉಳಿದು ಆಡಬೇಕೆನ್ನುವ ಹುಡುಗನಿಗೆ ಒಳ್ಳೆಯ ಮೈದಾನವೆಂದರೆ ಶಿವಮೊಗ್ಗದ ನವುಲೆ. ಹುಡುಗಿಗಂತೂ ಗದ್ದೆಯಿದ್ದ ಕಾಲದಲ್ಲೂ ಅಂಚಿನ ಮೇಲೆ ಕುಳಿತು ಚಪ್ಪಾಳೆ ತಟ್ಟುವ ಸ್ಥಾನವೇ ಇತ್ತು. ಜಿಲ್ಲೆಯ ಪಟ್ಟಿಯಲ್ಲಿ ನಿಂತಿರುವುದು ಒಬ್ಬ ಹೆಣ್ಣುಮಗಳ ಹೆಸರು ಎಂಬುದನ್ನು ನಮ್ಮ ತಾಲ್ಲೂಕುಗಳವರು ಗಮನಿಸಿದಂತೆ ಕಾಣುವುದಿಲ್ಲ.

ಚಿಕ್ಕಮಗಳೂರಿನ ಎದುರಿಗೆ ವೇದಾ ಕೃಷ್ಣಮೂರ್ತಿ ಎಂದು ನಾನು ಬರೆದಿಟ್ಟಿದ್ದೇನೆ. ಅದನ್ನು ಅಳಿಸುವಂಥ ವಾದವನ್ನು ಯಾರೂ ಇನ್ನೂ ಹೂಡಿಲ್ಲ. ನಮ್ಮ ಮೂರು ತಾಲ್ಲೂಕುಗಳ ಹೆಸರನ್ನೂ ಆ ಸಾಲಿನಲ್ಲಿ ಕಾಣಬೇಕೆನ್ನುವವರಲ್ಲಿ, ಅದರಲ್ಲೂ ಇನ್ನೂ ಒಂದೆರಡು ಗದ್ದೆಗಳನ್ನು ಭತ್ತಕ್ಕೇ ಇಟ್ಟುಕೊಂಡಿರುವ ಮಹನೀಯರಲ್ಲಿ, ನನ್ನದೊಂದು ಬಿನ್ನಹ: ಬರುವ ಕೊಯ್ಲು ಮುಗಿದ ಮೇಲೆ ಅಂಚನ್ನು ಸ್ವಲ್ಪ ತಗ್ಗಿಸಿ ಅದನ್ನು ಊರಿನ ಮಕ್ಕಳಿಗೆ ಬಿಟ್ಟುಕೊಡಿರಿ, ವಾರದಲ್ಲಿ ಕೆಲವು ದಿನ ಹುಡುಗಿಯರಿಗೇ ಮೀಸಲಾಗಿ ಬಿಡಿರಿ.